ಕೊಹಿಮಾದ ಟೆನ್ನಿಸ್ ಕೋರ್ಟ್, 1944

ನಮಸ್ಕಾರ. ಈಗ ನಿಮಗೆ ಕಾಣಿಸುತ್ತಿರುವುದು ನಾಗಾಲ್ಯಾಂಡ್‌ನ ಕೊಹಿಮಾ ಯುದ್ಧ ಸ್ಮಶಾನ. ಹಂತ ಹಂತವಾಗಿ ಮೇಲಕ್ಕೆ ಹೋಗುವ ಗುಡ್ಡ, ಒಪ್ಪವಾಗಿ ಕತ್ತರಿಸಿದ ಹುಲ್ಲು, ಸಾಲು ಸಾಲು ಕಲ್ಲು, ಒಂದೊಂದರ ಮೇಲೂ ಕಂಚಿನ ಫಲಕ. ಇಲ್ಲಿ 1,420 ಸಮಾಧಿಗಳಿವೆ. ಸ್ವಲ್ಪ ಮೇಲೆ ಹತ್ತಿ ಬನ್ನಿ. ಹುಲ್ಲಿನಲ್ಲಿ ಬಿಳಿ ಗೆರೆ ಕಾಣುತ್ತಿದೆಯಲ್ಲ, ಅದು ಟೆನ್ನಿಸ್ ಕೋರ್ಟ್.

1944ರಲ್ಲಿ ಇದು ಡೆಪ್ಯುಟಿ ಕಮಿಷನರ್ ಚಾರ್ಲ್ಸ್ ಪಾವ್ಸಿ ಅವರ ಬಂಗಲೆಯ ಅಂಗಳ. ಆ ಏಪ್ರಿಲ್‌ನಲ್ಲಿ ಕೋರ್ಟಿನ ಒಂದು ತುದಿಯಲ್ಲಿ ಜಪಾನೀ ಸೈನಿಕರು, ಇನ್ನೊಂದು ತುದಿಯಲ್ಲಿ ನಮ್ಮ ಕಡೆಯವರು, ಅಂದರೆ ಬ್ರಿಟಿಷ್ ಮತ್ತು ಭಾರತೀಯ ಸೈನಿಕರು. ನಡುವೆ ಇದ್ದ ಜಾಗ 24 ಮೀಟರಿಗೂ ಕಡಿಮೆ. ನೀವೇ ನಿಂತು ನೋಡಿದರೆ ಗೊತ್ತಾಗುತ್ತದೆ, ಇಲ್ಲಿಂದ ಮಾತಾಡಿದರೆ ಅಲ್ಲಿಗೆ ಕೇಳಿಸುತ್ತದೆ. ಅಷ್ಟು ಹತ್ತಿರದಿಂದ ಅವರು ಒಬ್ಬರ ಮೇಲೊಬ್ಬರು ಗ್ರೆನೇಡ್ ಎಸೆದರು.

ಎರಡನೇ ಮಹಾಯುದ್ಧ ಅಂದ ಕೂಡಲೇ ನಮಗೆ ನಾರ್ಮಂಡಿ, ಹಿರೋಶಿಮಾ ನೆನಪಾಗುತ್ತವೆ. ಆದರೆ ಏಷ್ಯಾದ ಯುದ್ಧ ತಿರುಗಿದ ಜಾಗಗಳಲ್ಲಿ ಒಂದು ನಮ್ಮ ದೇಶದೊಳಗೇ ಇದೆ. ಅದನ್ನು ತಿರುಗಿಸಿದ್ದು ಬಂದೂಕಿನಷ್ಟೇ, ನನ್ನ ಪ್ರಕಾರ ಅದಕ್ಕಿಂತ ಜಾಸ್ತಿ, ಅನ್ನ ಮತ್ತು ನೀರು.

ಜಪಾನ್‌ನ ಜನರಲ್ ಮುಟಾಗುಚಿ 1944ರ ಮಾರ್ಚ್‌ನಲ್ಲಿ ಮೂರು ಡಿವಿಷನ್‌ಗಳನ್ನು, ಅಂದರೆ ಸಾವಿರಾರು ಸೈನಿಕರ ಮೂರು ದೊಡ್ಡ ಪಡೆಗಳನ್ನು, ಬರ್ಮಾದ ಚಿಂದ್ವಿನ್ ನದಿ ದಾಟಿಸಿದ. ಎರಡು ಇಂಫಾಲಕ್ಕೆ, ಒಂದು ಕೊಹಿಮಾಕ್ಕೆ. ಆಜಾದ್ ಹಿಂದ್ ಫೌಜಿನವರೂ ಅವರ ಜೊತೆ ಇದ್ದರು. ಆ ಕಥೆಗೆ ಬೇರೆ ವಿಡಿಯೋನೇ ಬೇಕು. ಕೊಹಿಮಾ ಕೈತಪ್ಪಿದರೆ ಇಂಫಾಲಕ್ಕೆ ಹೋಗುವ ರಸ್ತೆ ಮುಚ್ಚಿದಂತೆ. ಅಲ್ಲಿಂದ ಕೆಳಗೆ ದಿಮಾಪುರದ ರೈಲ್ವೆ ನಿಲ್ದಾಣ, ಅದರ ಪಕ್ಕ ಇಡೀ ಬ್ರಿಟಿಷ್ ಸೈನ್ಯದ ದಾಸ್ತಾನು. ಜಪಾನೀ ಸೈನಿಕರ ಬೆನ್ನ ಮೇಲೆ ಇದ್ದದ್ದು ಸುಮಾರು ಮೂರು ವಾರದ ಊಟ. ಮುಗಿದರೆ ಜೊತೆಗೆ ಹೊಡೆದುಕೊಂಡು ಬಂದ ದನಗಳನ್ನು ತಿನ್ನುವುದು, ಆಮೇಲೆ ಬ್ರಿಟಿಷರ ಉಗ್ರಾಣ ಹಿಡಿದು ಉಣ್ಣುವುದು. ಇದು ಲೆಕ್ಕ. ದನಗಳು ನದಿಯಲ್ಲಿ, ಬೆಟ್ಟದ ದಾರಿಯಲ್ಲಿ ಸತ್ತವು. ಉಗ್ರಾಣ ಸಿಗಲಿಲ್ಲ.

ಈ ಕಡೆಯವರ ಲೆಕ್ಕವೂ ತಪ್ಪಿತ್ತು. ಈ ಕಾಡು ಬೆಟ್ಟದಲ್ಲಿ ಇಡೀ ಡಿವಿಷನ್ ನಡೆದು ಬರಲು ಸಾಧ್ಯವಿಲ್ಲ ಅಂತ ಬ್ರಿಟಿಷ್ ಸೇನಾಪತಿ ಜನರಲ್ ಸ್ಲಿಮ್ ನಂಬಿದ್ದರು. ಬಂದೇ ಬಂತು. ಕೊಹಿಮಾಕ್ಕೆ ಬರುವ ದಾರಿಯ ಹಳ್ಳಿಗಳಾದ ಜೆಸ್ಸಾಮಿ, ಖರಾಸೋಮ್‌ಗಳಲ್ಲಿ ಅಸ್ಸಾಂ ರೆಜಿಮೆಂಟಿನ ಹುಡುಗರು ಅವರನ್ನು ಕೆಲವು ದಿನ ತಡೆದು ನಿಲ್ಲಿಸಿದರು. ಆ ದಿನಗಳು ಸಿಗದಿದ್ದರೆ ಕೊಹಿಮಾ ಉಳಿಯುತ್ತಿತ್ತು ಅಂತ ನನಗನ್ನಿಸುವುದಿಲ್ಲ. ಅವರ ಬಗ್ಗೆ ನಾವು ಇನ್ನೂ ಎಷ್ಟೋ ಜಾಸ್ತಿ ಮಾತಾಡಬೇಕು.

ಏಪ್ರಿಲ್ 4ಕ್ಕೆ ಹೊಡೆದಾಟ ಶುರು. ಈ ಗುಡ್ಡದ ಮೇಲೆ ಯುದ್ಧ ಮಾಡಬಲ್ಲವರು ಸುಮಾರು 1,500 ಜನ. ಎದುರಿಗೆ 12,000ಕ್ಕೂ ಹೆಚ್ಚು. ನೀರಿನ ಮೂಲ ಜಪಾನೀಯರ ಕೈಸೇರಿತು. ಒಬ್ಬೊಬ್ಬರಿಗೆ ದಿನಕ್ಕೆ ಅರ್ಧ ಲೀಟರಿಗಿಂತ ಕಡಿಮೆ ನೀರು, ಅದರಲ್ಲೇ ಎಲ್ಲ. ಬಂಗಲೆಯ ಹಿಂದೆ ಒಂದು ಸಣ್ಣ ಒರತೆ ಸಿಕ್ಕಿತು, ಆದರೆ ಕತ್ತಲಾದ ಮೇಲೆ ಮಾತ್ರ ತೆವಳಿಕೊಂಡು ಹೋಗಿ ತರಬೇಕು. ಗಾಯಗೊಂಡವರನ್ನು ಸಾಗಿಸಲು ದಾರಿ ಇಲ್ಲ. ತೆರೆದ ಕಂದಕದಲ್ಲೇ ಮಲಗಿಸಿದ್ದರು. ಅಲ್ಲಿ ಮಲಗಿದ್ದವರಿಗೇ ಮತ್ತೆ ಗುಂಡು, ಶೆಲ್ ಬೀಳುತ್ತಿತ್ತು. ವಿಮಾನದಿಂದ ಎಸೆದ ಸಾಮಾನು ಎಷ್ಟೋ ಸಲ ಎದುರಾಳಿಯ ಕಡೆ ಬೀಳುತ್ತಿತ್ತು. ಏಪ್ರಿಲ್ 18ಕ್ಕೆ ಪಂಜಾಬ್ ರೆಜಿಮೆಂಟಿನವರು ದಾರಿ ಮಾಡಿಕೊಂಡು ಒಳಗೆ ಬಂದಾಗ ಉಸಿರು ಬಂತು.

ಯುದ್ಧ ಅಲ್ಲಿಗೆ ಮುಗಿಯಲಿಲ್ಲ. ಟೆನ್ನಿಸ್ ಕೋರ್ಟ್ ಪೂರ್ತಿ ಕೈಗೆ ಬಂದದ್ದು ಮೇ 13ಕ್ಕೆ. ಒಂದು ಲೀ ಟ್ಯಾಂಕನ್ನು ಹೇಗೋ ಗುಡ್ಡಕ್ಕೆ ಹತ್ತಿಸಿ, ಮೇಲಿನಿಂದ ಕೋರ್ಟಿಗೆ ಜಾರಿಸಿ, ಬಂಕರ್‌ಗಳ ಬಾಯಿಗೇ ಹೊಡೆದರು.

ಇತ್ತ ಕೊಹಿಮಾಕ್ಕೆ ಬಂದ ಜಪಾನೀ ಡಿವಿಷನ್‌ನ ಕಮಾಂಡರ್ ಸಾಟೋ ಅಕ್ಕಿ, ಮದ್ದುಗುಂಡು ಕಳಿಸಿ ಅಂತ ಸಂದೇಶದ ಮೇಲೆ ಸಂದೇಶ ಕಳಿಸುತ್ತಿದ್ದ. ಏನೂ ಬರಲಿಲ್ಲ. ಮೇ ಕೊನೆಯಲ್ಲಿ ಆಜ್ಞೆ ಮೀರಿ ತನ್ನ ಜನರನ್ನು ಹಿಂದಕ್ಕೆ ಕರೆದುಕೊಂಡು ಹೊರಟ. ಆ ಸೈನ್ಯದಲ್ಲಿ ಡಿವಿಷನ್ ಕಮಾಂಡರ್ ಒಬ್ಬ ಹೀಗೆ ಮಾಡುವುದು ಊಹೆಗೂ ಮೀರಿದ ಮಾತು. ಅವನನ್ನು ಕೆಲಸದಿಂದ ತೆಗೆದರು. ವಿಚಾರಣೆ ನಡೆದರೆ ಎಲ್ಲವನ್ನೂ ಹೇಳಲು ಅವನು ತಯಾರಿದ್ದ. ಮನಸ್ಸಿನ ಆರೋಗ್ಯ ಸರಿಯಿಲ್ಲ ಅಂತ ಹೇಳಿ ವಿಚಾರಣೆಯನ್ನೇ ತಪ್ಪಿಸಿದರು. ಎದುರು ಪಕ್ಷದವನೇ ಆದರೂ, ಹಸಿದ ಹುಡುಗರನ್ನು ಸಾಯಲು ಬಿಡದೆ ಹೊರಟ ಅವನ ನಿರ್ಧಾರಕ್ಕೆ ನಾನು ಗೌರವ ಕೊಡುತ್ತೇನೆ.

ಇಂಫಾಲದಲ್ಲಿ ಇದರ ತದ್ವಿರುದ್ಧ. ಅಲ್ಲಿ ಸಿಕ್ಕಿಬಿದ್ದ ಬ್ರಿಟಿಷ್ ಕಡೆಯ ಒಂದೂವರೆ ಲಕ್ಷದಷ್ಟು ಜನರನ್ನು ಎರಡೂವರೆ ತಿಂಗಳಿಗೂ ಹೆಚ್ಚು ಕಾಲ ವಿಮಾನಗಳೇ ಸಾಕಿದವು. ಮಳೆಗಾಲದ ಮೋಡದಲ್ಲೂ ಡಕೋಟಾ ಸಾಗಣೆ ವಿಮಾನಗಳು ಹಾರಿದವು. ಜೂನ್ 22ಕ್ಕೆ ಕೊಹಿಮಾ-ಇಂಫಾಲ ರಸ್ತೆ ತೆರೆಯಿತು. ವಾಪಸ್ ಹೊರಟ ಜಪಾನೀಯರಲ್ಲಿ ಗುಂಡಿಗಿಂತ ಹಸಿವು, ಬೇಧಿ, ಮಲೇರಿಯಾಕ್ಕೆ ಬಲಿಯಾದವರೇ ಹೆಚ್ಚು.

ಈ ಗುಡ್ಡದ ತುದಿಯಲ್ಲಿ ಇನ್ನೊಂದು ಸ್ಮಾರಕ ಇದೆ, ತುಂಬಾ ಜನ ಕೆಳಗಿಂದಲೇ ಹಿಂದಿರುಗಿಬಿಡುತ್ತಾರೆ. ದಯವಿಟ್ಟು ಹತ್ತಿ. ಸಮಾಧಿ ಇಲ್ಲದೆ, ಅವರವರ ಪದ್ಧತಿಯಂತೆ ದಹನವಾದ 917 ಹಿಂದೂ, ಸಿಖ್ ಸೈನಿಕರ ಸ್ಮಾರಕ ಅದು. ಜೊತೆಗೆ, ಗಾಯಾಳುಗಳನ್ನು ಹೊತ್ತ, ಸುದ್ದಿ ತಂದುಕೊಟ್ಟ, ಊರನ್ನೇ ಕಳೆದುಕೊಂಡ ನಾಗಾ ಜನರನ್ನೂ ನೆನೆಯಿರಿ. ಅವರಿಗೆ ಇದು ಮನೆ ಬಾಗಿಲಿಗೆ ಬಂದ ಯುದ್ಧ.

ಕೊಹಿಮಾ ಆದ ಮೇಲೆ ಯುದ್ಧ ಬರ್ಮಾದೊಳಕ್ಕೆ ಸಾಗಿತು. 1945ರ ಜನವರಿಯಲ್ಲಿ ಅರಾಕಾನ್ ತೀರದ ಕಾಂಗಾವ್‌ನಲ್ಲಿ ಜಪಾನೀಯರು ಹಿಂದೆ ಸರಿಯುವ ದಾರಿಯನ್ನು ಕತ್ತರಿಸಲು ಹೋದ 51ನೇ ಬ್ರಿಗೇಡ್‌ನಲ್ಲಿ ಮೂರು ಬೆಟಾಲಿಯನ್, ಮೂರಕ್ಕೂ ಭಾರತೀಯ ಕಮಾಂಡರ್‌ಗಳು: ಥೋರಾಟ್, ಸೇನ್, ಮತ್ತು ನಮ್ಮ ಕೊಡಗಿನ ತಿಮ್ಮಯ್ಯ. ಮೂವರಿಗೂ ಬ್ರಿಟಿಷ್ ಸೇನಾ ಗೌರವವಾದ ಡಿಎಸ್‌ಒ ಪದಕ ಬಂತು. ಮುಂದೆ ಭಾರತದ ಸೇನಾ ಮುಖ್ಯಸ್ಥರಾದ ಜನರಲ್ ತಿಮ್ಮಯ್ಯ ಅವರೇ ಇವರು. ಮಡಿಕೇರಿಯಲ್ಲಿ ಅವರು ಬೆಳೆದ ಮನೆ ಸನ್ನಿಸೈಡ್ ಈಗ ಮ್ಯೂಸಿಯಂ ಆಗಿದೆ. ಮುಂದಿನ ವಿಡಿಯೋದಲ್ಲಿ ಅಲ್ಲಿಗೆ ಹೋಗೋಣ. ನಿಮ್ಮ ಮನೆಯಲ್ಲಿ ತಾತ, ಮುತ್ತಾತ ಯಾರಾದರೂ ಬರ್ಮಾಕ್ಕೆ ಹೋಗಿ ಹೋರಾಡಿದ್ದರೆ, ಯಾವ ರೆಜಿಮೆಂಟ್, ಯಾವ ವರ್ಷ ಅಂತ ಬರೆದು ಕಳಿಸಿ.