ಓಡುವಾಗ ವಾಚ್ ಮಾತು ಕೇಳಬೇಡಿ

ನಮಸ್ಕಾರ. ಹೋದ ಭಾನುವಾರ ಸಕ್ರೆಬೈಲು ದಾಟಿ ಮಂಡಗದ್ದೆ ಕಡೆ ಓಡುತ್ತಿದ್ದೆ. ಒಂದೇ ಹದದ ಉಸಿರು, ಒಂದೇ ಹದದ ಹೆಜ್ಜೆ. ಜಿಪಿಎಸ್ ವಾಚ್ ಕಿಲೋಮೀಟರಿಗೆ 5:50, ಅಂದರೆ 5 ನಿಮಿಷ 50 ಸೆಕೆಂಡ್, ತೋರಿಸುತ್ತಿತ್ತು. ಮರಗಳ ಚಪ್ಪರದೊಳಗೆ ಹೊಕ್ಕೆ ನೋಡಿ, 7:20! ನಾನೇನು ಕಡಲೆಕಾಯಿ ತಿನ್ನುತ್ತಾ ನಿಂತಿದ್ದೆನಾ? ರೋಷಕ್ಕೆ ಜೋರಾಗಿ ಓಡಿದೆ. ಬಯಲಿಗೆ ಬಂದಾಗ 4:45 ಅಂದಿತು. ಅಷ್ಟರಲ್ಲಿ ನನಗೆ ಏದುಸಿರು.

ತಪ್ಪು ವಾಚಿನದ್ದಲ್ಲ, ಅದರ ಮಾತು ಕೇಳಿದ ನನ್ನದು. ಸಿಗ್ನಲ್ ಬರುವುದು ಸುಮಾರು 20,000 ಕಿಲೋಮೀಟರ್ ಮೇಲಿರುವ ಉಪಗ್ರಹಗಳಿಂದ. ನಾವು ಎಲ್ಲಿದ್ದೇವೆ ಅಂತ ಸರಿಯಾಗಿ ಹೇಳಲು ಕನಿಷ್ಠ ನಾಲ್ಕು ಬೇಕು. ಆಕಾಶವೇ ಕಾಣದ ನಮ್ಮ ಕಾಡಿನ ರಸ್ತೆಯಲ್ಲಿ, ಅದೂ ಎಲೆ ತೊಯ್ದು ತೊಟ್ಟಿಕ್ಕುವಾಗ, ಆ ಕ್ಷಣದ ಪೇಸ್ (ಒಂದು ಕಿಲೋಮೀಟರಿಗೆ ಹಿಡಿಯುವ ಸಮಯ) ಬರೀ ಅಂದಾಜು. ಅದಕ್ಕೇ ಆ ಅಂಕಿಯನ್ನು ಸ್ಕ್ರೀನಿನಿಂದಲೇ ತೆಗೆದುಹಾಕಿದ್ದೇನೆ. ರಸ್ತೆ ಬದಿಯ ಮೈಲಿಗಲ್ಲು ಬಂದಾಗ ಅಲ್ಲಿವರೆಗಿನ ಸಮಯ ಬೇರೆಯಾಗಿ ಗುರುತಿಸುವ ಲ್ಯಾಪ್ ಬಟನ್ ಒತ್ತುತ್ತೇನೆ. ಕಲ್ಲು ಅಲುಗಾಡುವುದಿಲ್ಲ ಅಲ್ವಾ?

ಸೈಕಲ್‌ನವರಿಗೆ ಇನ್ನೊಂದು ಮಾತು. ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತಿದರೆ 14 ಹೇರ್‌ಪಿನ್ ತಿರುವು. ಬ್ಯಾಟರಿ ಉಳಿಸಲು ವಾಚ್ ನಾವಿರುವ ಜಾಗಕ್ಕೆ ಆಗೊಮ್ಮೆ ಈಗೊಮ್ಮೆ ಮಾತ್ರ ಚುಕ್ಕಿ ಇಡುತ್ತಿದ್ದರೆ, ಚುಕ್ಕಿಗಳ ನಡುವೆ ನೇರ ಗೆರೆ ಎಳೆದು ತಿರುವನ್ನೇ ನುಂಗಿಬಿಡುತ್ತದೆ. ಸೆಕೆಂಡಿಗೊಂದು ಚುಕ್ಕಿ ಇಡುವ ಸೆಟ್ಟಿಂಗ್ ಹಾಕಿಕೊಳ್ಳಿ.

ಎತ್ತರದ ಕಥೆ ಇನ್ನೂ ಮಜಾ. ಬಹಳಷ್ಟು ವಾಚ್‌ಗಳು ಅದನ್ನು ಗಾಳಿಯ ಒತ್ತಡದಿಂದ ಲೆಕ್ಕ ಹಾಕುತ್ತವೆ. ಒತ್ತಡ ಒಂದು ಮಿಲಿಬಾರ್ ಇಳಿದರೆ, ನಾವು 8-9 ಮೀಟರ್ ಹತ್ತಿದೆವು ಅಂತ ಅದರ ಲೆಕ್ಕ. ಹವೆ ಬದಲಾಗಿ ಒತ್ತಡ ಇಳಿದರೂ ಅದಕ್ಕೆ ಹತ್ತಿದಂತೆಯೇ. ಪುನರ್ವಸು ಮಳೆ ಹಿಡಿದುಕೊಂಡಿದ್ದ ಒಂದು ರಾತ್ರಿ ವಾಚ್ ಬಿಚ್ಚಿ ಕಿಟಕಿ ಹತ್ತಿರ ಇಟ್ಟಿದ್ದೆ. ಬೆಳಿಗ್ಗೆ ನೋಡಿದರೆ ನಮ್ಮ ಮನೆ 26 ಮೀಟರ್ ಮೇಲಕ್ಕೆ ಹೋಗಿತ್ತು. ಅಮ್ಮ ಕಾಫಿ ಕೊಡುತ್ತಾ, "ರಾತ್ರಿ ಯಾವ ಗುಡ್ಡ ಹತ್ತಿ ಬಂದ್ಯೋ?" ಅಂದರು. ಗಾಳಿಯ ಒತ್ತಡ ಅಳೆಯಲು ವಾಚಿನ ಪಕ್ಕದಲ್ಲಿರುವ ಸಣ್ಣ ತೂತಿಗೆ ಬೆವರು, ಕೆಸರು ಕೂತರೂ ಇದೇ ಗೋಳು. ಸುಮ್ನೆ ನಲ್ಲಿ ನೀರಲ್ಲಿ ತೊಳೆದು ಒಣಗಿಸಿ. ಪಿನ್ ಹಾಕಿ ಕೆದಕಬೇಡಿ.

ಹಾಗಂತ ವಾಚ್ ಬೇಡ ಅನ್ನುತ್ತಿಲ್ಲ. ಮನೆಗೆ ಬಂದು, ಬಿಸಿನೀರು ಸ್ನಾನ ಮಾಡಿ, ಹೋದ ತಿಂಗಳ ಅದೇ ದಾರಿಯ ಓಟದ ಪಕ್ಕ ಇವತ್ತಿನದನ್ನು ಇಟ್ಟು ನೋಡುವ ಸುಖವೇ ಬೇರೆ. ಗೇಟಿನ ಮುಂದೆ ಸುತ್ತು ಹೊಡೆದು 9.87 ಅನ್ನು 10 ಮಾಡುವವರು ಕೈ ಎತ್ತಿ. ನಾನೂ ಎತ್ತಿದ್ದೇನೆ.

ಈ ಭಾನುವಾರ ಮತ್ತೆ ಮಂಡಗದ್ದೆ ರಸ್ತೆ. ವಾಚ್ ಇರುತ್ತದೆ, ಜರ್ಕಿನ್ ತೋಳಿನ ಒಳಗೆ.