ರಕ್ತ ಏರಿತು, ಸರಿ; ಸೋರಿದ್ದು ಎಲ್ಲಿಂದ?

ವೀಕ್ಷಕರಿಗೆ ನಮಸ್ಕಾರ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಐವತ್ತೈದು ದಾಟಿದ ಗಂಡಸೊಬ್ಬರು ತೋಟದ ಏರು ಹತ್ತುವಾಗ ಏದುಸಿರು ಬರುತ್ತದೆಂದು ಆಸ್ಪತ್ರೆಗೆ ಹೋದರೆ, ಹಿಮೋಗ್ಲೋಬಿನ್ 8 ಅಥವಾ 9ಕ್ಕೆ ಇಳಿದಿದೆಯೆಂದು ತಿಳಿದು, ಕಬ್ಬಿಣದ ಮಾತ್ರೆಯೂ ಜಂತುಹುಳುವಿನ ಮಾತ್ರೆಯೂ ಕೈಗೆ ಬರುತ್ತವೆ; ಮನೆಯಲ್ಲಿ ನುಗ್ಗೆಸೊಪ್ಪಿನ ಪಲ್ಯ ಶುರುವಾಗುತ್ತದೆ. ಕೆಲವು ತಿಂಗಳಲ್ಲಿ ರಕ್ತ ಏರಿದಾಗ ಎಲ್ಲರೂ ನಿಶ್ಚಿಂತರಾಗುತ್ತಾರೆ. ಈ ನಿಶ್ಚಿಂತೆಯ ಬಗ್ಗೆಯೇ ನನ್ನ ತಕರಾರು.

ನಮ್ಮ ಕರುಳು ಆಹಾರದಿಂದ ದಿನಕ್ಕೆ ಹೀರಿಕೊಳ್ಳುವ ಕಬ್ಬಿಣ 1ರಿಂದ 2 ಮಿಲಿಗ್ರಾಂ ಮಾತ್ರ. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಇರುತ್ತದೆ. ದಿನವೂ ಒಂದೆರಡು ಚಮಚ ರಕ್ತ ಜಠರದಿಂದಲೋ ಕರುಳಿನಿಂದಲೋ ಸೋರುತ್ತಿದ್ದರೆ ದೇಹದ ದಾಸ್ತಾನು ಬರಿದಾಗುತ್ತದೆ, ಮಲದಲ್ಲಿ ಮಾತ್ರ ಕಣ್ಣಿಗೆ ಏನೂ ಕಾಣದಿರಬಹುದು. ಮಾತ್ರೆ ಶುರುವಾದ ಮೇಲಂತೂ ಮಲ ಅದರಿಂದಲೇ ಕಪ್ಪಾಗುವುದರಿಂದ, ಸೋರಿದ ರಕ್ತದಿಂದ ಮಲ ಕಪ್ಪಾಗುವ ಸುಳಿವೂ ಕೈತಪ್ಪುತ್ತದೆ.

ಮಲೆನಾಡಿನಲ್ಲಿ ಕೊಕ್ಕೆಹುಳುವನ್ನು ತಳ್ಳಿಹಾಕುವಂತಿಲ್ಲ. ತೇವದ ಮಣ್ಣಿನಲ್ಲಿ ಬರಿಗಾಲಲ್ಲಿ ನಡೆಯುವವರ ಚರ್ಮದ ಮೂಲಕ ಒಳಹೊಕ್ಕು, ಅದು ಸಣ್ಣ ಕರುಳಿಗೆ ಕಚ್ಚಿಕೊಂಡು ರಕ್ತ ಹೀರುವುದು ನಿಜ. ಆದರೆ ಹುಳುವಿದ್ದವರಿಗೆ ಕರುಳಿನಲ್ಲಿ ಕ್ಯಾನ್ಸರ್ ಗಡ್ಡೆ ಇರಬಾರದೆಂಬ ನಿಯಮವೇನೂ ಇಲ್ಲ. ಮೂಲವ್ಯಾಧಿಯ ಮೇಲೆ ಎಲ್ಲವನ್ನೂ ಹೊರಿಸುವುದೂ ಇದೇ ಬಗೆಯ ಅವಸರ. ದೇಹದ ಕಬ್ಬಿಣದ ದಾಸ್ತಾನು ತಿಳಿಸುವ ಫೆರಿಟಿನ್ ಎಂಬ ರಕ್ತಪರೀಕ್ಷೆಯಲ್ಲಿ ಕಬ್ಬಿಣದ ಕೊರತೆ ಖಚಿತವಾದರೆ, ಗಂಡಸರಿಗೂ ಮುಟ್ಟು ನಿಂತ ಮಹಿಳೆಯರಿಗೂ ಸಾಮಾನ್ಯವಾಗಿ ಬಾಯಿಂದ ಕ್ಯಾಮೆರಾ ಕೊಳವೆ ಇಳಿಸಿ ಜಠರ ನೋಡುವ ಮೇಲಿನ ಎಂಡೋಸ್ಕೋಪಿ, ಗುದದ್ವಾರದಿಂದ ದೊಡ್ಡ ಕರುಳು ನೋಡುವ ಕೆಳಗಿನ ಕೊಲೊನೋಸ್ಕೋಪಿ ಎರಡೂ ಆಗಬೇಕೆಂದು ಜೀರ್ಣಾಂಗ ತಜ್ಞರ ಸಂಘವಾದ ಬ್ರಿಟಿಷ್ ಸೊಸೈಟಿ ಆಫ್ ಗ್ಯಾಸ್ಟ್ರೋಎಂಟರಾಲಜಿಯ 2021ರ ಮಾರ್ಗಸೂಚಿ ಹೇಳುತ್ತದೆ.

ನಮ್ಮಲ್ಲಿ ಬಾಯಿಂದ ಕೊಳವೆ ಹಾಕಿಸಿಕೊಳ್ಳಲು ಹೇಗೋ ಒಪ್ಪುತ್ತಾರೆ, ಕೆಳಗಿನದೆಂದರೆ ನಾಚಿಕೆ, ಇಲ್ಲವೇ ಅಡಿಕೆ ಸುಲಿತ ಮುಗಿಯಲಿ ಎಂಬ ನೆಪ. ಮೇಲಿನ ಪರೀಕ್ಷೆಯಲ್ಲಿ ಜಠರದ ಒಳಪದರ ಸ್ವಲ್ಪ ಕೆಂಪಾಗಿದೆಯೆಂದು ಬರೆದರೆ ಕಾರಣ ಸಿಕ್ಕಿತೆಂದು ಹುಡುಕಾಟ ಅಲ್ಲಿಗೇ ನಿಲ್ಲುತ್ತದೆ. ದೊಡ್ಡ ಕರುಳಿನ ಬಲಭಾಗ ಅಗಲವಾಗಿದ್ದು, ಅಲ್ಲಿ ಮಲವಿನ್ನೂ ನೀರಾಗಿಯೇ ಇರುವುದರಿಂದ, ಆ ಭಾಗದ ಕ್ಯಾನ್ಸರ್ ಹೊಟ್ಟೆ ಕಟ್ಟುವಿಕೆಯನ್ನಾಗಲಿ ನೋವನ್ನಾಗಲಿ ಉಂಟುಮಾಡದೆ ಬಹುಕಾಲ ರಕ್ತವನ್ನಷ್ಟೇ ಸೋರಿಸುತ್ತಿರಬಲ್ಲದು. ಅಂಥವರಲ್ಲೂ ಮಾತ್ರೆಯಿಂದ ಹಿಮೋಗ್ಲೋಬಿನ್ ಏರಬಹುದು. ಏರಿತೆಂಬುದು ಕೊಲೊನೋಸ್ಕೋಪಿಯನ್ನು ಕೈಬಿಡಲು ಕಾರಣವಾಗಲಾರದು.

ಮುಟ್ಟಾಗುವ ವಯಸ್ಸಿನ ಹೆಣ್ಣುಮಕ್ಕಳ ಲೆಕ್ಕ ಬೇರೆ. ಹೊಟ್ಟೆಯ ತೊಂದರೆ, ತೂಕ ಇಳಿಕೆ, ಮನೆತನದಲ್ಲಿ ಕರುಳಿನ ಕ್ಯಾನ್ಸರ್ ಇಲ್ಲದಿದ್ದರೆ ಎಲ್ಲರನ್ನೂ ಕೊಳವೆಯ ಮುಂದೆ ಕೂರಿಸಬೇಕಿಲ್ಲ. ಮಂಡಿನೋವಿಗೆಂದು ದಿನವೂ ನುಂಗುವ ಮಾತ್ರೆಯೂ ಜಠರದಿಂದ ರಕ್ತ ಸೋರಿಸಬಲ್ಲದು, ಅದರ ವಿಷಯವನ್ನಂತೂ ಯಾವ ವಯಸ್ಸಿನವರೂ ವೈದ್ಯರಿಂದ ಮುಚ್ಚಿಡಬಾರದು.

ಕೊಲೊನೋಸ್ಕೋಪಿಗೆ ದಿನ ಗೊತ್ತಾದವರು ಕಬ್ಬಿಣದ ಮಾತ್ರೆಯನ್ನು ಒಂದು ವಾರ ಮೊದಲೇ ನಿಲ್ಲಿಸುವ ಬಗ್ಗೆ ವೈದ್ಯರನ್ನು ಕೇಳಬೇಕು, ಅದರ ಕಪ್ಪು ಕರುಳಿಗೆ ಮೆತ್ತಿಕೊಂಡು ನೋಟಕ್ಕೆ ಅಡ್ಡಿಯಾಗುತ್ತದೆ. ಎರಡೂ ಪರೀಕ್ಷೆಗಳಲ್ಲಿ ಏನೂ ಕಾಣದೆ ರಕ್ತ ಮತ್ತೆ ಇಳಿದರೆ, ಸಣ್ಣ ಕರುಳನ್ನು ನೋಡಲು ನುಂಗುವ ಕ್ಯಾಪ್ಸೂಲ್ ಕ್ಯಾಮೆರಾ ಇದೆ.