ತುಟಿ ಸೇರಲಿ, ಹಲ್ಲು ಸೇರದಿರಲಿ

ಎಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮೊದಲು ಒಂದು ಸಣ್ಣ ಕೆಲಸ. ಎರಡೂ ಕೈಗಳ ಬೆರಳನ್ನು ಕೆನ್ನೆಯ ಹಿಂಭಾಗದಲ್ಲಿ, ಕಿವಿಗಿಂತ ಸ್ವಲ್ಪ ಕೆಳಗೆ ಇಟ್ಟುಕೊಳ್ಳಿ. ಈಗ ಹಲ್ಲು ಕಚ್ಚಿ. ಬೆರಳಡಿ ಏನೋ ಉಬ್ಬಿ ಗಟ್ಟಿಯಾಯಿತು, ಅಲ್ವಾ? ಅದು ಮ್ಯಾಸಿಟರ್, ಅಗಿಯುವ ಸ್ನಾಯು. ಈಗ ಬೆರಳನ್ನು ಮೇಲಕ್ಕೆ, ಕಣತಲೆಗೆ ಒಯ್ಯಿರಿ. ಮತ್ತೆ ಕಚ್ಚಿ. ಅಲ್ಲೂ ಉಬ್ಬುತ್ತದೆ. ಅದು ಟೆಂಪೊರಾಲಿಸ್, ಅದೂ ಅಗಿಯುವ ಸ್ನಾಯುವೇ. ತಲೆನೋವು ಅಂತ ಬರುವವರು ಬಹಳ ಸಲ ಕೈಯಿಟ್ಟು ತೋರಿಸುವುದು ಇದೇ ಜಾಗವನ್ನು.

ನಾನು ದಂತವೈದ್ಯೆ. ಮುಖ ಗಂಟಿಕ್ಕುವುದು, ಅವುಡುಗಚ್ಚುವುದು, ಕಣ್ಣು ಕಿರಿದು ಮಾಡುವುದು ಇವೆಲ್ಲ ಸ್ವಭಾವ ಅಂತ ನಾವು ಬಿಟ್ಟುಬಿಡುತ್ತೇವೆ. ಆದರೆ ದಿನವೆಲ್ಲ ಹಾಗೇ ಇದ್ದರೆ ಅದು ಮೈಗೆ ದುಡಿಮೆಯೇ. ತರಕಾರಿ ಚೀಲ ಹಿಡಿದು ಒಂದು ಗಂಟೆ ನಿಂತರೆ ಕೈ ಸೋಲುತ್ತದೆ. ದವಡೆಯೂ ಹಾಗೇ ಸೋಲುತ್ತದೆ, ಹಿಡಿದುಕೊಂಡಿದ್ದೇವೆ ಅಂತ ನಮಗೆ ಗೊತ್ತಾಗುವುದಿಲ್ಲ ಅಷ್ಟೇ.

ಸೀರೆಗೆ ಕುಚ್ಚು ಕಟ್ಟುವ ಒಬ್ಬರು ನನ್ನ ಬಳಿ ಬಂದಿದ್ದರು. ಸಂಜೆಯಾದರೆ ಕಿವಿನೋವು, ತಲೆಯ ಎರಡೂ ಪಕ್ಕ ಹಿಡಿದುಕೊಳ್ಳುವುದು. ಕಿವಿಯಲ್ಲಿ ಏನೂ ಇಲ್ಲ ಅಂತ ಕಿವಿ ಡಾಕ್ಟರು ಹೇಳಿ ಕಳಿಸಿದ್ದರು. ನೋಡಿದೆ, ಹುಳುಕು ಹಲ್ಲೂ ಇರಲಿಲ್ಲ. ಆದರೆ ಕೆನ್ನೆಯ ಒಳಗಡೆ ಉದ್ದಕ್ಕೆ ಬಿಳಿ ಗೆರೆ, ನಾಲಿಗೆಯ ಅಂಚಿನಲ್ಲಿ ಹಲ್ಲಿನ ಅಚ್ಚು, ದವಡೆ ಹಲ್ಲುಗಳು ಸವೆದು ಚಪ್ಪಟೆ. ಒಂದೊಂದೇ ಇದ್ದರೆ ಇವು ಅಷ್ಟೇನೂ ಹೇಳುವುದಿಲ್ಲ. ಮೂರೂ ಸೇರಿದರೆ ಅನುಮಾನ ಬರುತ್ತದೆ.

“ಕೆಲಸ ಮಾಡೋವಾಗ ಹಲ್ಲು ಕಚ್ಕೊಳ್ತೀರಾ ಅಮ್ಮಾ?”

“ಇಲ್ವಲ್ಲ ಡಾಕ್ಟ್ರೇ.”

ಚೀಲದಲ್ಲಿ ರೇಷ್ಮೆ ದಾರ, ಸೂಜಿ ಇದ್ದವು. ಸುಮ್ನೆ ಒಂದು ಸಲ ದಾರ ಪೋಣಿಸಿ ಅಂದೆ. ಹುಬ್ಬು ಕೂಡಿತು, ಕಣ್ಣು ಕಿರಿದಾಯಿತು, ದವಡೆಯ ಮೂಲೆ ಉಬ್ಬಿತು. ದಾರ ಒಳಗೆ ಹೋದ ಮೇಲೂ ಆ ಉಬ್ಬು ಇಳಿಯಲಿಲ್ಲ. ಕೈಗೆ ಕನ್ನಡಿ ಕೊಟ್ಟೆ. ಅವರೇ ನೋಡಿಕೊಂಡರು.

ಅವರಿಗೆ ಚಾಳೀಸು ಬಂದಿತ್ತು, ಕನ್ನಡಕ ಇರಲಿಲ್ಲ. ಕಣ್ಣಿಗೆ ಕಾಣದ್ದನ್ನು ಇಡೀ ಮುಖ ಸೇರಿ ನೋಡುತ್ತಿತ್ತು. ಕನ್ನಡಕ ಮಾಡಿಸಿಕೊಂಡರು. ಒಂದೊಂದು ಕುಚ್ಚು ಮುಗಿದಾಗಲೂ ಒಮ್ಮೆ ಉಸಿರು ಬಿಟ್ಟು ದವಡೆ ಸಡಿಲ ಮಾಡುವುದನ್ನು ರೂಢಿ ಮಾಡಿಕೊಂಡರು. ನೋವು ಪೂರ್ತಿ ಹೋಗಲಿಲ್ಲ. ಆದರೆ ದಿನಾ ಬರುತ್ತಿದ್ದದ್ದು ಅಪರೂಪಕ್ಕೆ ಬರುವ ಹಾಗಾಯಿತು.

ನೋವು ಕಿವಿಯಲ್ಲಿ ಯಾಕೆ ಕಾಣಿಸಿಕೊಂಡಿತು? ನಗು, ಸಿಟ್ಟು, ಹುಬ್ಬು ಗಂಟಿಕ್ಕುವ ಸ್ನಾಯುಗಳನ್ನು ಆಡಿಸುವುದು ಮಿದುಳಿನಿಂದ ನೇರವಾಗಿ ಹೊರಡುವ ನರಗಳಲ್ಲಿ ಏಳನೆಯದು. ಅಗಿಯುವ ಸ್ನಾಯುಗಳನ್ನು ಆಡಿಸುವುದು ಐದನೆಯದು. ಹಲ್ಲು, ದವಡೆ, ಹಣೆ, ಕಿವಿಯ ಮುಂಭಾಗದ ನೋವನ್ನು ಮಿದುಳಿಗೆ ಮುಟ್ಟಿಸುವುದೂ ಬಹುಮಟ್ಟಿಗೆ ಈ ಐದನೇ ನರವೇ. ಹೀಗಾಗಿ ದವಡೆಯಲ್ಲಿ ಹುಟ್ಟಿದ ನೋವು ಕಿವಿಯದ್ದೋ ಹಲ್ಲಿನದ್ದೋ ಅನ್ನಿಸಿಬಿಡುತ್ತದೆ. ಚೆನ್ನಾಗಿರುವ ಹಲ್ಲನ್ನೇ ಕೀಳಿಸಿಕೊಂಡು ಬಂದವರನ್ನು ನೋಡಿ ಹೊಟ್ಟೆ ಉರಿದಿದೆ.

ಸುಮ್ಮನಿರುವಾಗ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ 2ರಿಂದ 4 ಮಿಲಿಮೀಟರ್ ಸಂದು ಇರಬೇಕು. ಅವು ತಾಗಬೇಕಾದದ್ದು ಅಗಿಯುವಾಗ, ಉಗುಳು ನುಂಗುವಾಗ. ಗಟ್ಟಿಯಾಗಿ ಕಚ್ಚಬೇಕೆಂದೇನಿಲ್ಲ, ಮೆಲ್ಲಗೆ ತಾಗಿಸಿಕೊಂಡೇ ಕೂತರೂ ಸ್ನಾಯುವಿಗೆ ಬಿಡುವಿಲ್ಲ. ತುಟಿ ಸೇರಿರಲಿ, ಹಲ್ಲು ಸೇರದಿರಲಿ, ನಾಲಿಗೆ ಬಾಯಿಯ ಅಂಗುಳಕ್ಕೆ ಹಗುರಾಗಿ ತಾಗಿರಲಿ. ಮೊಬೈಲ್ ಎತ್ತಿಕೊಂಡಾಗ, ಸಿಗ್ನಲ್‌ನಲ್ಲಿ ನಿಂತಾಗ ಒಮ್ಮೆ ನೋಡಿಕೊಳ್ಳಿ. ಕಂಪ್ಯೂಟರ್ ಮುಂದೆ ಕೂರುವವರು ಕಣ್ಣನ್ನೂ ನೆನಪಿಟ್ಟುಕೊಳ್ಳಿ. ನಿಮಿಷಕ್ಕೆ 15-20 ಸಲ ರೆಪ್ಪೆ ಬಡಿಯಬೇಕಾದ ಕಣ್ಣು ಪರದೆ ನೋಡುವಾಗ ಅದನ್ನು ಬಹಳ ಕಡಿಮೆ ಮಾಡುತ್ತದೆ. ಉರಿ ಶುರುವಾಗುವುದು ಹೀಗೆ.

“ಹಾಗಾದರೆ ಯಾವಾಗಲೂ ನಗ್ತಾ ಇರಬೇಕಾ ಮೇಡಂ?” ಅಂತ ಬಹಳ ಜನ ಕೇಳುತ್ತಾರೆ. 1988ರಲ್ಲಿ ಒಂದು ಪ್ರಯೋಗ ಪ್ರಕಟವಾಯಿತು. ಹಲ್ಲಿನ ನಡುವೆ ಪೆನ್ನು ಹಿಡಿದು ಮುಖವನ್ನು ನಗುವಿನ ಆಕಾರಕ್ಕೆ ತಂದುಕೊಂಡವರಿಗೆ ವ್ಯಂಗ್ಯಚಿತ್ರಗಳು ಹೆಚ್ಚು ತಮಾಷೆ ಅನ್ನಿಸಿದವು. 2016ರಲ್ಲಿ 17 ಪ್ರಯೋಗಾಲಯಗಳು ಅದನ್ನೇ ಮತ್ತೆ ಮಾಡಿ ನೋಡಿದಾಗ ಆ ಪರಿಣಾಮ ಸಿಗಲಿಲ್ಲ. 2022ರಲ್ಲಿ 19 ದೇಶಗಳ ಸುಮಾರು 3,900 ಜನರ ಮೇಲೆ ಇನ್ನೊಂದು ಅಧ್ಯಯನ ಬಂತು. ಬೇಕೆಂದೇ ನಕ್ಕರೂ ಮನಸ್ಸು ಸ್ವಲ್ಪ ಹಗುರಾಗುತ್ತದೆ ಅಂತ ಅದು ತೋರಿಸಿತು. ಸ್ವಲ್ಪವೇ. ಜಾಸ್ತಿ ಇಲ್ಲ.

ಹಾಗಾಗಿ ನಗುವುದನ್ನು ನಾನು ಔಷಧಿಯಾಗಿ ಬರೆದುಕೊಡುವುದಿಲ್ಲ. ನಗು ಮುಖವಿಟ್ಟುಕೊಂಡೇ ದುಡಿಯಬೇಕಾದ ಹೆಣ್ಣುಮಕ್ಕಳು ಅಂಗಡಿ, ಹೋಟೆಲ್, ವಿಮಾನ ಎಲ್ಲ ಕಡೆ ಇದ್ದಾರೆ. ಅವರ ಕೆನ್ನೆಗೂ ದಣಿವಿದೆ. ಅವರಿಗೆ ಇನ್ನಷ್ಟು ನಗಿ ಅನ್ನುವುದು ಅನ್ಯಾಯ. ಅವರಿಗೆ ಬೇಕಿರುವುದು ಯಾರ ಮುಂದೆಯೂ ಯಾವ ಮುಖವನ್ನೂ ಮಾಡಬೇಕಿಲ್ಲದ ಸ್ವಲ್ಪ ಹೊತ್ತು.

ರಾತ್ರಿ ಹಲ್ಲು ಕಡಿಯುವುದು ಬೇರೆ ವಿಷಯ, ಅದು ನಮ್ಮ ಹಿಡಿತದಲ್ಲಿಲ್ಲ. ಹಲ್ಲು ಸವೆಯದ ಹಾಗೆ ಅಚ್ಚು ತೆಗೆದು, ಮಲಗುವಾಗ ಹಲ್ಲಿನ ಮೇಲೆ ಹಾಕಿಕೊಳ್ಳುವ ಒಂದು ತಟ್ಟೆ ಮಾಡಿಕೊಡುತ್ತೇವೆ.

ಕೊನೆಗೆ, ಎಲ್ಲ ನೋವನ್ನೂ ಅಭ್ಯಾಸದ ಲೆಕ್ಕಕ್ಕೆ ಹಾಕಬೇಡಿ. ನಡೆಯುವಾಗ ಬಂದು ನಿಂತರೆ ಹೋಗುವ ದವಡೆ ನೋವು ಹೃದಯದ್ದಿರಬಹುದು. 50 ದಾಟಿದವರಿಗೆ ಹೊಸದಾಗಿ ಕಣತಲೆ ನೋವು ಬಂದು, ತಲೆ ಬಾಚಿದರೆ ನೋಯುತ್ತಿದ್ದರೆ, ಅಗಿಯುವಾಗ ದವಡೆ ಸೋಲುತ್ತಿದ್ದರೆ, ಅದು ರಕ್ತನಾಳದ ಉರಿಯೂತವಿರಬಹುದು. ತಡ ಮಾಡಿದರೆ ಕಣ್ಣೇ ಹೋಗಬಹುದು. ಅದೇ ದಿನ ಡಾಕ್ಟರ ಹತ್ತಿರ ಹೋಗಿ.